ರೈಲು ಗಾರ್ಡ್ ಟಾಮ್ ಸೆಂಪಲ್ ಮತ್ತು ಮೂರು ಸಾವಿರ ವರ್ಷದ ಆಟ

ಐರ್ಲೆಂಡಿನ ಟಿಪರೇರಿ ಕೌಂಟಿಯಲ್ಲಿ ಥರ್ಲೆಸ್ ಎಂಬ ಪಟ್ಟಣವಿದೆ. ಅಲ್ಲಿ ರೈಲು ಇಳಿದರೆ ಸೆಂಪಲ್ ಕ್ರೀಡಾಂಗಣಕ್ಕೆ ಹತ್ತು ನಿಮಿಷದ ಹಾದಿ. ಸುಮಾರು 45 ಸಾವಿರ ಜನ ಹಿಡಿಯುವ ಈ ಅಂಗಳ, ಡಬ್ಲಿನ್ನಿನ ಕ್ರೋಕ್ ಪಾರ್ಕ್ ಬಿಟ್ಟರೆ, ಗೇಲಿಕ್ ಆಟಗಳಿಗೆ, ಅಂದರೆ ಐರ್ಲೆಂಡಿನ ದೇಶೀ ಆಟಗಳಿಗೆ, ಇರುವ ಅತಿ ದೊಡ್ಡದು. ಇಲ್ಲಿ ಮನ್‌ಸ್ಟರ್ ಪ್ರಾಂತ್ಯದ ಹರ್ಲಿಂಗ್ ಫೈನಲ್ ನಡೆದಾಗಲೆಲ್ಲ ಒಂದು ಕಥೆ ಮತ್ತೆ ಮತ್ತೆ ಕೇಳಿಬರುತ್ತದೆ. ಇದು ಮೂರು ಸಾವಿರ ವರ್ಷ ಹಳೆಯ ಆಟ. ಕೂಹುಲಿನ್ ಎಂಬ ಬಾಲವೀರ ಕೋಲಿನಿಂದ ಚೆಂಡು ಬೀಸಿ ಕಾವಲುನಾಯಿಯನ್ನು ಕೊಂದ ಕಾಲದಿಂದ ಹಳ್ಳಿಗಾಡಿನ ರೈತರ ಮಕ್ಕಳು ಇದನ್ನು ಕಾಪಾಡಿಕೊಂಡು ಬಂದಿದ್ದಾರೆ. ಅಂಗಳಕ್ಕೆ ಹೆಸರು ಕೊಟ್ಟ ಟಾಮ್ ಸೆಂಪಲ್ ಆ ವಂಶದ ಒಬ್ಬ ಮಹಾವೀರ.

ಕಥೆಯ ಮೊದಲ ಭಾಗದ ಬಗ್ಗೆ ನನ್ನದು ಅರ್ಧ ತಕರಾರು, ಕೊನೆಯ ಭಾಗದ ಬಗ್ಗೆ ಪೂರ್ತಿ ತಕರಾರು. ಸೆಂಪಲ್‌ನನ್ನು ಪುರಾಣದ ಸಾಲಿನಲ್ಲಿ ಕೂರಿಸಿದ ಕ್ಷಣವೇ ಆತ ನಿಜಕ್ಕೂ ಏನಾಗಿದ್ದ ಎಂಬುದು ಮರೆಯಾಗುತ್ತದೆ. ಆತ ಗ್ರೇಟ್ ಸದರ್ನ್ ಅಂಡ್ ವೆಸ್ಟರ್ನ್ ರೈಲ್ವೆ ಕಂಪನಿಯಲ್ಲಿ ಗಾರ್ಡ್ ಆಗಿದ್ದ. ಆತನ ಜೀವನಚಿತ್ರಣಗಳಲ್ಲಿ ಈ ಸಂಗತಿ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ, ಹೊಟ್ಟೆಪಾಡಿಗೆ ಮಾಡಿದ ಕೆಲಸ ಎನ್ನುವ ಧಾಟಿಯಲ್ಲಿ. ನನ್ನ ಪ್ರಕಾರ ಆತನ ಆಟವನ್ನು ಅರ್ಥ ಮಾಡಿಕೊಳ್ಳಲು ಹಿಡಿಯಬೇಕಾದ ಎಳೆಯೇ ಅದು.

ಹರ್ಲಿಂಗ್ ನೋಡದವರಿಗೆ ಎರಡು ಮಾತು. ಆ್ಯಶ್ ಮರದಿಂದ ಕೆತ್ತಿದ, ತುದಿಯಲ್ಲಿ ಅಗಲವಾದ ಕೋಲು ಹಿಡಿದು ಕ್ರಿಕೆಟ್ ಚೆಂಡಿಗಿಂತ ಹಗುರಾದ ಚರ್ಮದ ಚೆಂಡನ್ನು ಹೊಡೆಯುವ ಆಟ ಇದು. ನೆಲದ ಮೇಲೂ ಹೊಡೆಯಬಹುದು, ಗಾಳಿಯಲ್ಲೂ ಹೊಡೆಯಬಹುದು. ಅಡ್ಡಪಟ್ಟಿಯ ಕೆಳಗೆ ನುಗ್ಗಿಸಿದರೆ ಗೋಲು, ಮೂರು ಅಂಕ. ಮೇಲಿಂದ ಹಾರಿಸಿದರೆ ಒಂದು ಅಂಕ. ಸ್ಕೋರನ್ನು 3-16 ಎಂದು ಬರೆದರೆ ಮೂರು ಗೋಲು, ಹದಿನಾರು ಬಿಡಿ ಅಂಕ, ಒಟ್ಟು 25 ಎಂದು ಓದಬೇಕು. ಈಗ ಒಂದೊಂದು ಕಡೆ ಹದಿನೈದು ಜನ. ವೇಗದಲ್ಲಿ ಇದಕ್ಕೆ ಸಾಟಿಯಾದ ಮೈದಾನದ ಆಟ ಕಡಿಮೆ.

ಸೆಂಪಲ್ ಹುಟ್ಟಿದ್ದು 1879ರಲ್ಲಿ, ಟಿಪರೇರಿಯ ಡ್ರಂಬೇನ್ ಎಂಬಲ್ಲಿ. 1897ರಲ್ಲಿ ಕೌಂಟಿ ತಂಡಕ್ಕೆ ಬಂದು 1909ರವರೆಗೆ ಆಡಿದ. ಆರಡಿ ಮೀರಿದ ಆಳು, ಮುಂಚೂಣಿಯ ಆಟಗಾರ. 1900, 1906 ಮತ್ತು 1908ರ ಅಖಿಲ ಐರ್ಲೆಂಡ್ ಚಾಂಪಿಯನ್‌ಷಿಪ್ ಗೆದ್ದ ತಂಡಗಳಲ್ಲಿದ್ದ. ಕೊನೆಯ ಎರಡಕ್ಕೂ ಆತನೇ ನಾಯಕ. 'ಬ್ಲೂಸ್' ಎಂದು ಹೆಸರಾದ ಥರ್ಲೆಸ್ ಕ್ಲಬ್ಬಿನ ಪರವಾಗಿ ಆರು ಬಾರಿ ಕೌಂಟಿ ಪ್ರಶಸ್ತಿ ಪಡೆದ. 1943ರ ಏಪ್ರಿಲ್‌ನಲ್ಲಿ ತೀರಿಕೊಂಡ. ಕ್ರೀಡಾ ಕೋಶಗಳಲ್ಲಿ ಸಿಗುವ ಸೆಂಪಲ್ ಹೆಚ್ಚುಕಡಿಮೆ ಇಷ್ಟೇ.

ಮೊದಲು 'ಪ್ರಾಚೀನ ಆಟ' ಎಂಬ ಮಾತನ್ನೇ ನೋಡೋಣ. 1884ರ ನವೆಂಬರ್ 1ರಂದು ಥರ್ಲೆಸ್‌ನ ಹೇಯ್ಸ್ ಹೋಟೆಲಿನಲ್ಲಿ ಮೈಕಲ್ ಕ್ಯೂಸಾಕ್, ಮಾರಿಸ್ ಡೇವಿನ್ ಮತ್ತು ಬೆರಳೆಣಿಕೆಯ ಜನ ಸೇರಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಕಟ್ಟಿದರು. ಹರ್ಲಿಂಗ್‌ಗೆ ದೇಶಕ್ಕೆಲ್ಲ ಒಂದೇ ನಿಯಮ ಎಂಬುದು ಬಂದದ್ದು ಆಮೇಲೆ. ಮೊದಲ ಅಖಿಲ ಐರ್ಲೆಂಡ್ ಫೈನಲ್ 1887ರ ಸಾಲಿನದು. ಆಡಿದ್ದು 1888ರ ಏಪ್ರಿಲ್ 1ರಂದು, ಬಿರ್ ಪಟ್ಟಣದಲ್ಲಿ. ಥರ್ಲೆಸ್‌ನವರು ಗಾಲ್ವೇ ಕೌಂಟಿಯ ಮೀಲಿಕ್ ತಂಡವನ್ನು ಸೋಲಿಸಿದರು. ಆಗ ಒಂದೊಂದು ಕಡೆ 21 ಜನ. 1892ರಲ್ಲಿ ಅದು 17ಕ್ಕೆ ಇಳಿಯಿತು. 1913ರಲ್ಲಿ 15 ಆಯಿತು. ಅಂದರೆ ಸೆಂಪಲ್ ಕೌಂಟಿಗಾಗಿ ಆಡಿದ್ದೆಲ್ಲ 17 ಜನರ ಆಟ. ಇಂದು ಆತನ ಹೆಸರಿನ ಅಂಗಳದಲ್ಲಿ ಕಾಣುವ 15 ಜನರ ಆಟವನ್ನು ಆತ ತನ್ನ ಕೌಂಟಿಯ ಅಂಗಿ ತೊಟ್ಟು ಒಮ್ಮೆಯೂ ಆಡಲಿಲ್ಲ. ಈಗಿನ ಗೋಲುಕಂಬ ಮತ್ತು ಬಲೆ ಬಂದದ್ದು 1910ರಲ್ಲಿ, ಆತ ಕೌಂಟಿ ತಂಡದಿಂದ ನಿವೃತ್ತನಾದ ಮರುವರ್ಷ. ಅದಕ್ಕೆ ಮುಂಚೆ ಗೋಲಿನ ಅತ್ತಿತ್ತ ಬಿಡಿ ಅಂಕಕ್ಕೆಂದೇ ಬೇರೆ ಕಂಬಗಳು ನಿಂತಿರುತ್ತಿದ್ದವು.

ಅಂಕದ ಲೆಕ್ಕ ಇನ್ನೂ ವಿಚಿತ್ರ. 1892ರವರೆಗೆ ಒಂದು ಗೋಲು ಎಷ್ಟೇ ಬಿಡಿ ಅಂಕಗಳಿಗಿಂತ ಮೇಲು. ಎದುರಾಳಿ ಇಪ್ಪತ್ತು ಅಂಕ ಹಾರಿಸಿದರೂ ನೀವು ಒಂದೇ ಒಂದು ಗೋಲು ಹೊಡೆದಿದ್ದರೆ ಗೆದ್ದಿರಿ. 1892ರಲ್ಲಿ ಗೋಲಿಗೆ ಐದು ಅಂಕದ ಬೆಲೆ ಕಟ್ಟಿದರು; 1896ರಲ್ಲಿ ಮೂರಕ್ಕೆ ಇಳಿಸಿದರು. ಮೂರು ಸಾವಿರ ವರ್ಷದ ಆಟದಲ್ಲಿ ಗೋಲಿನ ಬೆಲೆ ನಿಗದಿಯಾದದ್ದು ಸೆಂಪಲ್ ಕೌಂಟಿ ತಂಡಕ್ಕೆ ಬರುವುದಕ್ಕೆ ಒಂದು ವರ್ಷ ಮುಂಚೆ!

ಇದು ಬರೀ ಕುತೂಹಲದ ಸಂಗತಿ ಎಂದು ತಳ್ಳಿಹಾಕುವಂತಿಲ್ಲ. ಸೆಂಪಲ್‌ನ ಎರಡು ದೊಡ್ಡ ಪಂದ್ಯಗಳನ್ನು ಈ ಲೆಕ್ಕದಲ್ಲಿ ಇಟ್ಟು ನೋಡಿ. 1908ರ ಫೈನಲ್‌ನಲ್ಲಿ ಟಿಪರೇರಿ 2-5, ಡಬ್ಲಿನ್ 1-8. ಎರಡೂ ಹನ್ನೊಂದು, ಪಂದ್ಯ ಸಮ. ಮೂಲ ನಿಯಮವೇ ಉಳಿದಿದ್ದರೆ ಎರಡು ಗೋಲು ಹೊಡೆದ ಟಿಪರೇರಿ ಅಂದೇ ಗೆದ್ದಿತ್ತು. ಐದು ಅಂಕದ ನಿಯಮವಿದ್ದಿದ್ದರೂ 15ಕ್ಕೆ 13. ಮೂರು ಅಂಕದ ಹೊಸ ಲೆಕ್ಕವಿದ್ದುದರಿಂದಲೇ ಪಂದ್ಯವನ್ನು ಮತ್ತೆ ಆಡಬೇಕಾಯಿತು. 1909ರ ಬೇಸಿಗೆಯಲ್ಲಿ ಅಥೈ ಪಟ್ಟಣದಲ್ಲಿ ಟಿಪರೇರಿ 3-15, ಡಬ್ಲಿನ್ 1-5. ಈ ಮರುಪಂದ್ಯವನ್ನು ಸೆಂಪಲ್‌ನ ನಾಯಕತ್ವದ ಶಿಖರ ಎಂದು ಕೊಂಡಾಡುತ್ತಾರೆ. ಸರಿಯೇ. ಆದರೆ ಆ ಶಿಖರಕ್ಕೆ ಮೆಟ್ಟಿಲು ಕಟ್ಟಿದ್ದು ನಿಯಮ ತಿದ್ದುವ ಒಂದು ಸಮಿತಿ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಕಾರ್ಕ್ ನಗರದಲ್ಲಿ 1909ರ ಸಾಲಿನ ಫೈನಲ್ ನಡೆಯಿತು. ಕಿಲ್ಕೆನಿ 4-6, ಟಿಪರೇರಿ 0-12. ಅಲ್ಲಿಯವರೆಗೆ ಫೈನಲ್ ತಲುಪಿದಾಗಲೆಲ್ಲ ಗೆದ್ದಿದ್ದ ಟಿಪರೇರಿಗೆ ಅದು ಮೊದಲ ಸೋಲು. ಸೆಂಪಲ್‌ನ ಕೌಂಟಿ ಬದುಕು ಮುಗಿದದ್ದೂ ಆ ಸಾಲಿನಲ್ಲೇ. ಚೆಂಡು ಗುರಿ ಮುಟ್ಟಿದ ಸಲಗಳನ್ನು ಎಣಿಸಿದರೆ ಟಿಪರೇರಿ ಹನ್ನೆರಡು ಬಾರಿ, ಕಿಲ್ಕೆನಿ ಹತ್ತೇ ಬಾರಿ. ಇದನ್ನು ಟಿಪರೇರಿಯ ಪರ ವಕಾಲತ್ತಿಗಾಗಿ ಹೇಳುತ್ತಿಲ್ಲ; ಮೂರೂ ನಿಯಮಗಳಲ್ಲಿ ಅಂದು ಗೆಲ್ಲುತ್ತಿದ್ದದ್ದು ಕಿಲ್ಕೆನಿಯೇ. ದೂರದಿಂದ ಅಂಕ ಕೂಡಿಸುವ ಆಟಕ್ಕೂ ಒಳನುಗ್ಗಿ ಗೋಲು ಹೊಡೆಯುವ ಆಟಕ್ಕೂ ನಡುವಿನ ಆಯ್ಕೆಯನ್ನು ಆ ಕಾಲದ ನಾಯಕರು ಹದಿಮೂರು ವರ್ಷ ಹಳೆಯ ಲೆಕ್ಕದ ಮೇಲೆ ಮಾಡುತ್ತಿದ್ದರು ಎಂಬುದಷ್ಟೇ ನನ್ನ ಮಾತು. ಅದು ಪರಂಪರೆಯಿಂದ ಬಂದ ಬುದ್ಧಿಯಾಗಿರಲು ಸಾಧ್ಯವಿಲ್ಲ. ಹೊಸ ಯಂತ್ರವೊಂದನ್ನು ನಡೆಸುತ್ತ ನಡೆಸುತ್ತಲೇ ಕಲಿತ ಬುದ್ಧಿ.

ಯಂತ್ರ ಎಂದಮೇಲೆ ರೈಲಿಗೇ ಬರಬೇಕು.

ಗೇಲಿಕ್ ಅಥ್ಲೆಟಿಕ್ ಸಂಘ ಥರ್ಲೆಸ್‌ನಲ್ಲೇ ಹುಟ್ಟಿದ್ದೇಕೆ? ಕ್ಯಾಶೆಲ್‌ನ ಆರ್ಚ್‌ಬಿಷಪ್ ಕ್ರೋಕ್ ಅವರ ಪೀಠ ಅಲ್ಲಿತ್ತು, ಅವರು ಸಂಘದ ಮೊದಲ ಪೋಷಕರಲ್ಲೊಬ್ಬರಾದರು ಎನ್ನುವುದು ಒಂದು ಉತ್ತರ. ಇನ್ನೊಂದು ಉತ್ತರ ಇನ್ನೂ ಸರಳ. ಡಬ್ಲಿನ್–ಕಾರ್ಕ್ ಮುಖ್ಯ ರೈಲುಮಾರ್ಗ 1848ರಿಂದಲೇ ಆ ಪಟ್ಟಣದ ಮೇಲೆ ಹಾದುಹೋಗುತ್ತಿತ್ತು. ಬೇರೆ ಬೇರೆ ಕಡೆಯಿಂದ ಬರುವವರು ಸೇರಲು ತಕ್ಕ ಜಾಗ ಅದು.

ಹಳೆಯ ಹರ್ಲಿಂಗ್ ಪಕ್ಕದ ಊರಿನೊಡನೆ ಆಡುವ ಆಟ. ಎರಡು ಪ್ಯಾರಿಷ್‌ಗಳ, ಅಂದರೆ ಚರ್ಚ್ ವಲಯಗಳ, ಜನ ನಡೆದು ಬಂದು, ಆಡಿ, ಬಡಿದಾಡಿ, ಕುಡಿದು ಮನೆಗೆ ಹೋಗುತ್ತಿದ್ದರು. 'ಅಖಿಲ ಐರ್ಲೆಂಡ್' ಎಂಬ ಕಲ್ಪನೆಗೆ ಬೇಕಾದದ್ದು ಬೇರೆಯೇ. ಕಾರ್ಕಿನವನು ಬೆಳಿಗ್ಗೆ ಹೊರಟು ಡಬ್ಲಿನ್ ಸೇರಿ, ಆಡಿ, ರಾತ್ರಿ ಮರಳಿ, ಸೋಮವಾರ ಕೆಲಸಕ್ಕೆ ಹಾಜರಾಗಬೇಕು. ಅವನ ಹಿಂದೆ ಸಾವಿರಾರು ಜನ ಅಗ್ಗದ ಟಿಕೆಟಿನಲ್ಲಿ ಬರಬೇಕು. ರೈಲು ಕಂಪನಿಗಳು ಭಾನುವಾರದ ವಿಶೇಷ ರೈಲು ಓಡಿಸಿದಾಗ ಇವೆರಡೂ ಸಾಧ್ಯವಾದವು. ಕಂಪನಿಗಳಿಗೆ ಗೇಲಿಕ್ ಸಂಸ್ಕೃತಿಯ ಮೇಲೆ ಪ್ರೀತಿ ಉಕ್ಕಿತ್ತೆಂದಲ್ಲ, ಭಾನುವಾರ ಖಾಲಿ ನಿಲ್ಲುವ ಬೋಗಿಗಳಿಗೆ ಜನ ಸಿಕ್ಕರು. ಸೆಂಪಲ್‌ನ ಕಂಪನಿಯೇ 1905ರಲ್ಲಿ ಪ್ರಾಂತ್ಯಗಳ ನಡುವಿನ ಹರ್ಲಿಂಗ್ ಮತ್ತು ಫುಟ್‌ಬಾಲ್ ಪಂದ್ಯಾವಳಿಗೆಂದು ಒಂದೊಂದು ಫಲಕ ಕೊಟ್ಟಿತು. 'ರೈಲ್ವೆ ಷೀಲ್ಡ್' ಎಂದೇ ಅವಕ್ಕೆ ಹೆಸರು. ಕೂಹುಲಿನ್‌ನ ವಾರಸುದಾರರು ರೈಲು ಕಂಪನಿಯ ಫಲಕಕ್ಕಾಗಿ ಸೆಣಸಿದರು ಎಂಬುದರಲ್ಲಿ ಅವಮಾನವೇನೂ ಇಲ್ಲ. ಆದರೆ ಸಮಾರಂಭದ ಭಾಷಣಗಳಲ್ಲಿ ಕೂಹುಲಿನ್‌ನ ಹೆಸರು ಬಂದಷ್ಟು ಸಲ ರೈಲ್ವೆ ಷೀಲ್ಡಿನ ಹೆಸರು ಬರುವುದಿಲ್ಲ.

ಸೆಂಪಲ್ ಆಡಿದ ದೊಡ್ಡ ಪಂದ್ಯಗಳ ಊರುಗಳನ್ನು ನಕ್ಷೆಯಲ್ಲಿ ಗುರುತು ಮಾಡಿ. 1906ರ ಸಾಲಿನ ಫೈನಲ್ 1907ರ ಅಕ್ಟೋಬರ್‌ನಲ್ಲಿ ಕಿಲ್ಕೆನಿಯಲ್ಲಿ. ಟಿಪರೇರಿ 3-16, ಡಬ್ಲಿನ್ 3-8. 1908ರದು ಮೊದಲು ಡಬ್ಲಿನ್ನಿನ ಜೋನ್ಸ್ ರೋಡ್‌ನಲ್ಲಿ, ಆಮೇಲೆ ಅಥೈನಲ್ಲಿ. 1909ರದು ಕಾರ್ಕ್‌ನಲ್ಲಿ. ಎಲ್ಲವೂ ರೈಲು ನಿಲ್ಲುವ ಊರುಗಳು. ಒಂದು ಸಾಲಿನ ಚಾಂಪಿಯನ್‌ಷಿಪ್ ಮರುವರ್ಷಕ್ಕೆ, ಒಮ್ಮೊಮ್ಮೆ ಅದರಾಚೆಗೂ ಜಾರುತ್ತಿತ್ತು. 1900ರ ಫೈನಲ್ ಮುಗಿದದ್ದು 1902ರಲ್ಲಿ. ಇಂಥ ಗೋಜಲಿನ ನಡುವೆ ಕ್ಲಬ್ಬನ್ನು ವರ್ಷಗಟ್ಟಲೆ ಒಟ್ಟಿಗೆ ಹಿಡಿದಿಟ್ಟುಕೊಂಡು, ಹೊತ್ತಿಗೆ ಸರಿಯಾಗಿ 17 ಜನರನ್ನು ಮೈದಾನಕ್ಕೆ ಇಳಿಸುವುದು ಸಣ್ಣ ಕೆಲಸವಲ್ಲ. ತಂಡ ಪೂರ್ತಿ ಬಾರದೆ, ಇಲ್ಲವೇ ಬಂದೇ ಇರದೆ, ಆಡದೆಯೇ ಕೈಬಿಟ್ಟ ಪಂದ್ಯಗಳು ಆ ಕಾಲದಲ್ಲಿ ಹೇರಳ. ವೇಳಾಪಟ್ಟಿಯೇ ಉಸಿರಾದ ನೌಕರನೊಬ್ಬ ಹೊಲ ಬಿಟ್ಟು ಬಂದ ಆಳುಗಳ ತಂಡಕ್ಕೆ ಯಾಕೆ ನಾಯಕನಾದ ಎಂದು ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ.

ಇಲ್ಲಿ ಟಿಪರೇರಿಯವರು ತಕ್ಷಣ ಒಂದು ಹೆಸರು ಎತ್ತುತ್ತಾರೆ: ಟಬ್ಬರಡೋರ. ಹಳ್ಳಿ ಎನ್ನಲೂ ಸಾಲದ, ಕೆಲವೇ ಮನೆಗಳ ನೆಲೆ ಅದು. ಅಲ್ಲಿಯ ತಂಡ 1895, 1896, 1898ರಲ್ಲಿ ಟಿಪರೇರಿಗೆ ಅಖಿಲ ಐರ್ಲೆಂಡ್ ಪ್ರಶಸ್ತಿ ತಂದಿತು. ಅದರ ನಾಯಕರಲ್ಲಿ ದೊಡ್ಡ ಹೆಸರು ಮೈಕಿ ಮಾಹರ್‌ನದು; ಐದು ಪದಕ ಗೆದ್ದವನು. ಹಳ್ಳಿಯ ಮಾನಕ್ಕಾಗಿ ಆಡುವ ಬಲಭೀಮನ ಚಿತ್ರ ಟಿಪರೇರಿಗೆ ಹೊಸದೂ ಆಗಿರಲಿಲ್ಲ. ಅದೇ ಕೌಂಟಿಯ ಚಾರ್ಲ್ಸ್ ಕಿಕಮ್ 1870ರ ದಶಕದ 'ನಾಕ್‌ನಗೌ' ಕಾದಂಬರಿಯಲ್ಲಿ ಮ್ಯಾಟ್ ಎಂಬ ಆಳನ್ನು ಹಾಗೆಯೇ ಚಿತ್ರಿಸಿದ್ದ. ಐರಿಷ್ ಮನೆಗಳಲ್ಲಿ ಆ ಪುಸ್ತಕ ಸವೆದುಹೋಗುವಷ್ಟು ಓದಿಸಿಕೊಂಡಿತು. ಮಾಹರ್ ಮೈದಾನಕ್ಕೆ ಇಳಿದಾಗ ಓದುಗರಿಗೆ ಮ್ಯಾಟ್ ಪುಸ್ತಕದಿಂದ ಎದ್ದು ಬಂದಂತೆ ಕಂಡಿರಬೇಕು. ಆಮೇಲೆ ಬಂದ ಸೆಂಪಲ್‌ಗೂ ಅದೇ ಅಳತೆಯ ಅಂಗಿ ತೊಡಿಸಿದರು.

ಟಬ್ಬರಡೋರದ ಸಾಧನೆ ನಿಜ, ಬೆರಗಿನದೂ ಹೌದು. ಆದರೆ 1898ರ ಬಳಿಕ ಆ ತಂಡವೇ ಉಳಿಯಲಿಲ್ಲ. ಆಟಗಾರರು ಅಕ್ಕಪಕ್ಕದ ತಂಡಗಳಿಗೆ ಹಂಚಿಹೋದರು. 1904ರಿಂದ 1911ರವರೆಗಿನ ಎಂಟು ಸಾಲುಗಳಲ್ಲಿ ಆರು ಸಲ ಟಿಪರೇರಿ ಕೌಂಟಿ ಪ್ರಶಸ್ತಿ ಗೆದ್ದದ್ದು ಥರ್ಲೆಸ್, ಅಂದರೆ ರೈಲು ನಿಲ್ದಾಣವಿದ್ದ, ಅಂಗಡಿಬೀದಿಯಿದ್ದ, ಸಂಬಳದ ಜನವಿದ್ದ ಪಟ್ಟಣ. ಎದುರಾಳಿಗಳನ್ನೂ ಗಮನಿಸಿ. ಆ ಕಾಲದ ಡಬ್ಲಿನ್ ಹರ್ಲಿಂಗ್ ತಂಡಗಳಲ್ಲಿ ಹುಟ್ಟು ಡಬ್ಲಿನ್ನಿಗರು ವಿರಳ. ಹಳ್ಳಿಗಳಿಂದ ಬಂದು ಬಟ್ಟೆ ಅಂಗಡಿ, ದಿನಸಿ ಅಂಗಡಿಗಳಲ್ಲಿ ಕೆಲಸಕ್ಕೆ ನಿಂತ ಯುವಕರೇ ಬಹುಪಾಲು, ಅವರಲ್ಲಿ ಟಿಪರೇರಿಯವರೂ ಬೇಕಾದಷ್ಟು. ಸೆಂಪಲ್ 1906 ಮತ್ತು 1908ರಲ್ಲಿ ಸೋಲಿಸಿದ್ದು ಇಂಥವರನ್ನು. ಹೊಲ ಬಿಟ್ಟು ರೈಲು ಸೇರಿದವನಿಗೂ ಹೊಲ ಬಿಟ್ಟು ಅಂಗಡಿ ಸೇರಿದವರಿಗೂ ನಡೆದ ಪಂದ್ಯವನ್ನು 'ಗ್ರಾಮ ಐರ್ಲೆಂಡಿನ ಆತ್ಮ' ಎಂದು ಹಾಡಿ ಹೊಗಳುವುದು ಹೇಗೆ?

ನನ್ನ ವಾದಕ್ಕೆ ನಿಜವಾಗಿ ಪೆಟ್ಟು ಕೊಡಬಲ್ಲದ್ದು ಕಿಲ್ಕೆನಿ. 1904ರಿಂದ 1913ರ ನಡುವೆ ಏಳು ಸಲ ಅಖಿಲ ಐರ್ಲೆಂಡ್ ಗೆದ್ದ ಆ ಕೌಂಟಿಯ ಬಲ ಟುಲ್ಲರೋನ್, ಮೂನ್‌ಕಾಯಿನ್‌ನಂಥ ಹಳ್ಳಿಗಳಿಂದ ಬಂದದ್ದು. ಟುಲ್ಲರೋನ್‌ನ ಸಿಮ್ ವಾಲ್ಟನ್‌ನಿಗೂ ಮೂನ್‌ಕಾಯಿನ್‌ನ ಡಿಕ್ ವಾಲ್ಷ್‌ನಿಗೂ ಏಳೇಳು ಪದಕ. ಪಟ್ಟಣ ಹಳ್ಳಿಯನ್ನು ಸೋಲಿಸಿತು ಎಂಬ ಸರಳ ಕಥೆ ಹೇಳಹೊರಟರೆ ಕಿಲ್ಕೆನಿಯೊಂದೇ ಸಾಕು, ಬಾಯಿ ಮುಚ್ಚಿಸಲು. ನಾನು ಹೇಳುವುದು ಅದಲ್ಲ. ಟುಲ್ಲರೋನ್ ಎಂಬ ಹಳ್ಳಿ 'ಐರ್ಲೆಂಡಿನ ಚಾಂಪಿಯನ್' ಆಗಬೇಕಾದರೆ ಮೊದಲು ಐರ್ಲೆಂಡಿಗೆಲ್ಲ ಒಂದೇ ಪಂದ್ಯಾವಳಿ ಇರಬೇಕು, ಒಂದೇ ಲೆಕ್ಕ ಇರಬೇಕು, ಟುಲ್ಲರೋನ್‌ನ ಹುಡುಗರು ಕಾರ್ಕ್ ತಲುಪುವಂತಿರಬೇಕು. 1850ರಲ್ಲಿ ಅಲ್ಲಿ ಇಷ್ಟೇ ಚೆನ್ನಾಗಿ ಆಡುವವರಿದ್ದಿರಬಹುದು. ಅವರ ಹೆಸರು ಪಕ್ಕದ ಪ್ಯಾರಿಷ್ ದಾಟಲಿಲ್ಲ. ಹಳ್ಳಿಯ ಹೆಮ್ಮೆಯನ್ನು ಹಳ್ಳಿಯಾಚೆ ಕೊಂಡೊಯ್ದದ್ದು ಹಳ್ಳಿಯದಲ್ಲದ ಸಾಧನ.

ಇದರ ಎದುರು ತುದಿಯಲ್ಲೂ ಒಂದು ಸಿದ್ಧ ಅಭಿಪ್ರಾಯವಿದೆ. ಹರ್ಲಿಂಗ್ ಎಂಬುದೇ ಹತ್ತೊಂಬತ್ತನೆಯ ಶತಮಾನದ ರಾಷ್ಟ್ರೀಯವಾದಿಗಳ ಸೃಷ್ಟಿ, ಇಂಗ್ಲಿಷರ ಆಟಗಳ ನಕಲು ಮಾಡಿ ಗೇಲಿಕ್ ಬಣ್ಣ ಬಳಿದದ್ದು ಎನ್ನುವ ಬುದ್ಧಿವಂತರ ಮಾತು. ಇದನ್ನೂ ನಾನು ಒಪ್ಪಲಾರೆ. ಕೋಲು-ಚೆಂಡಿನ ಆಟ ಅಲ್ಲಿ ಬಹಳ ಹಳೆಯದು. 1366ರ ಕಿಲ್ಕೆನಿ ಶಾಸನಗಳು ವಲಸೆ ಬಂದ ಇಂಗ್ಲಿಷರಿಗೆ ಅದನ್ನು ಆಡಬೇಡಿರೆಂದು ತಾಕೀತು ಮಾಡಿದ್ದವು. ಇಲ್ಲದ ಆಟವನ್ನು ಯಾರೂ ನಿಷೇಧಿಸುವುದಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಜಮೀನುದಾರರು ತಮ್ಮ ಒಕ್ಕಲುಗಳ ತಂಡ ಕಟ್ಟಿ, ಪಂಥ ಕಟ್ಟಿ ಆಡಿಸುತ್ತಿದ್ದರು. 1840ರ ದಶಕದ ಬರಗಾಲ ಆಡುವ ಜನರನ್ನೇ ನುಂಗಿತು, ಉಳಿದವರನ್ನು ಹಡಗು ಹತ್ತಿಸಿತು. ಆ ಬಳಿಕದ ತಲೆಮಾರಿನಲ್ಲಿ ಟಿಪರೇರಿ, ಕಿಲ್ಕೆನಿಯಲ್ಲಿ ಊರೂರಿಗೆ ಹಬ್ಬಿದ್ದ ಆಟ ಯಾವುದು ಗೊತ್ತೇ? ಕ್ರಿಕೆಟ್. ಈಗ ಹರ್ಲಿಂಗ್‌ನ ತವರು ಎನ್ನಿಸಿಕೊಂಡ ಈ ಎರಡು ಕೌಂಟಿಗಳಲ್ಲಿ 1870ರ ದಶಕದಲ್ಲಿ ಕ್ರಿಕೆಟ್ ಕ್ಲಬ್ಬುಗಳು ತುಂಬಿದ್ದವು, ರೈತರೂ ಕೂಲಿಗಳೂ ಆಡುತ್ತಿದ್ದರು. ಸಂಘ ಕಟ್ಟಿದ ಕ್ಯೂಸಾಕ್ ಅದಕ್ಕೆ ಎರಡು ವರ್ಷ ಮುಂಚೆಯಷ್ಟೇ ಹುಡುಗರಿಗೆ ಕ್ರಿಕೆಟ್ ಒಳ್ಳೆಯದೆಂದು ಬರೆಯುತ್ತಿದ್ದ. ನಮಗೆ ಇದು ಸ್ವಾರಸ್ಯದ ಸುದ್ದಿ. ಸಂಘದ ಹಳಬರಿಗೆ ಅಷ್ಟು ರುಚಿಸದು.

ಹಾಗಾಗಿ ನಡೆದದ್ದು ಹಳೆಯ ಮನೆಯ ತೊಲೆ ಕಂಬಗಳನ್ನು ಬಳಸಿ ಹೊಸ ಮನೆ ಕಟ್ಟಿದಂಥ ಕೆಲಸ. ಕೋಲು ಹಳೆಯದು, ಕೈಚಳಕ ಹಳೆಯದು, ಪಕ್ಕದೂರಿನ ಮೇಲಿನ ಹಗೆಯಂತೂ ತುಂಬ ಹಳೆಯದು. ಕ್ಲಬ್ಬು, ಚಂದಾ, ಸಮಿತಿ, ಗಡಿಯಾರ, ಪ್ರವೇಶ ಶುಲ್ಕ ಹೊಸವು; ಅವುಗಳಲ್ಲಿ ಕೆಲವನ್ನು ಕ್ರಿಕೆಟ್ ಕ್ಲಬ್ಬುಗಳಲ್ಲಿ ಪಳಗಿದ ಕೈಗಳೇ ತಂದವು. ಈ ಹೊಸ ಭಾಗವನ್ನು ಮುಚ್ಚಿಟ್ಟರೆ ಸೆಂಪಲ್‌ನಂಥವರ ದುಡಿಮೆ ಲೆಕ್ಕಕ್ಕೇ ಸಿಗುವುದಿಲ್ಲ, ಯಾಕೆಂದರೆ ಅವರು ದುಡಿದದ್ದು ಅಲ್ಲೇ.

ಆ ದುಡಿಮೆಯ ದೊಡ್ಡ ಗುರುತು ಅಂಗಳವೇ. ಆ ಕಾಲದ ಪಂದ್ಯಗಳು ನಡೆಯುತ್ತಿದ್ದುದು ಯಾರದೋ ಹುಲ್ಲುಗಾವಲಿನಲ್ಲಿ. ಬೇಲಿಯಿಲ್ಲ, ಜನ ಆಟದೊಳಕ್ಕೆ ನುಗ್ಗುತ್ತಿದ್ದರು, ಕಾಸು ಕೊಟ್ಟವರೆಷ್ಟು ಕೊಡದವರೆಷ್ಟು ಎಂಬ ಲೆಕ್ಕವಿಲ್ಲ. 1910ರಲ್ಲಿ ಥರ್ಲೆಸ್‌ನ ಜಾತ್ರೆ-ಪ್ರದರ್ಶನಗಳ ಮೈದಾನ ಮಾರಾಟಕ್ಕೆ ಬಂತು. ಊರಿನ ಗೇಲಿಕ್ ಅಭಿಮಾನಿಗಳು ಅದನ್ನು 900 ಪೌಂಡಿಗೆ ಕೊಂಡರು; ಹಣ ಹೊಂದಿಸಲು ಊರವರಿಗೆ ಷೇರು ಮಾರಿದರು. ನೆನಪಿರಲಿ, ಸಂಘ ಡಬ್ಲಿನ್ನಿನಲ್ಲಿ ಜೋನ್ಸ್ ರೋಡ್ ಅಂಗಳ ಕೊಂಡು ಅದಕ್ಕೆ ಕ್ರೋಕ್ ಹೆಸರಿಟ್ಟದ್ದು 1913ರಲ್ಲಿ, ಮೂರು ವರ್ಷ ತಡವಾಗಿ. ಅದೂ ಆರ್ಚ್‌ಬಿಷಪ್ಪರ ಸ್ಮಾರಕಕ್ಕೆಂದು ಆಡಿಸಿದ ಪಂದ್ಯಗಳ ಹಣದ ಬಲದಿಂದ. ಕ್ರೋಕ್ ಬಾಳಿದ ಊರು ಥರ್ಲೆಸ್. ಸ್ಮಾರಕ ಅಲ್ಲಾಗಬೇಕಾದದ್ದು ಡಬ್ಲಿನ್ನಿಗೆ ಹೋಯಿತು ಎಂದು ಟಿಪರೇರಿಯವರು ಜಗಳ ತೆಗೆದರು. ಜಗಳ ನ್ಯಾಯವಾದದ್ದೇ.

ಥರ್ಲೆಸ್ ಅಂಗಳ ಕೊಳ್ಳುವುದರಲ್ಲಿ, ಅದನ್ನು ಬೆಳೆಸುವುದರಲ್ಲಿ ಸೆಂಪಲ್ ಮುಂದಾಳಾಗಿದ್ದ. ಆಗಷ್ಟೇ ಕೌಂಟಿ ಆಟ ಮುಗಿಸಿದ್ದ ಮೂವತ್ತೊಂದರ ವಯಸ್ಸು. ಆಟಗಾರನಾಗಿ ಕಳೆದದ್ದು ಹನ್ನೆರಡು ವರ್ಷ. ಈ ನೆಲಕ್ಕೆ ಕೊಟ್ಟದ್ದು ಅದಕ್ಕಿಂತ ಎಷ್ಟೋ ಹೆಚ್ಚು. 1934ರಲ್ಲಿ ಸಂಘದ ಐವತ್ತನೆಯ ವರ್ಷದ ಫೈನಲ್ ಹುಟ್ಟೂರಿಗೆ ಬರುತ್ತದೆಂದು ಪ್ರೇಕ್ಷಕರು ನಿಲ್ಲುವ ದಿಬ್ಬಗಳನ್ನು ಏರಿಸಿ, ಅಂಗಳವನ್ನು ಹಸನು ಮಾಡಿದರು. ಫೈನಲ್ ಕ್ರೋಕ್ ಪಾರ್ಕಿಗೇ ಹೋಯಿತು. ಥರ್ಲೆಸ್‌ಗೆ ಆ ಮಾನ ಸಿಕ್ಕಿದ್ದು ನೂರನೆಯ ವರ್ಷ, 1984ರಲ್ಲಿ. ಕಾರ್ಕ್ ತಂಡ ಆಫಲಿಯನ್ನು ಸೋಲಿಸಿತು. ಸೆಂಪಲ್ ಸತ್ತು ಆಗಲೇ ನಾಲ್ಕು ದಶಕ.

ರೈಲು ಮತ್ತು ಆಟದ ನಂಟು ಎಷ್ಟು ಬಿಗಿಯಾಗಿತ್ತೆಂಬುದು ಕಡಿದಾಗ ಇನ್ನೂ ಸ್ಪಷ್ಟವಾಯಿತು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ನಡೆದ 1916ರ ಈಸ್ಟರ್ ದಂಗೆಯ ಬಳಿಕ ಸರ್ಕಾರ ವಿಶೇಷ ರೈಲುಗಳಿಗೆ ಕಡಿವಾಣ ಹಾಕಿದಾಗ ಸಂಘದ ಪಂದ್ಯಗಳಿಗೆ ಜನವೂ ಹಣವೂ ಕುಸಿದವು. ಒಂದು 'ಪ್ರಾಚೀನ ಗ್ರಾಮೀಣ' ಆಟಕ್ಕೆ ರೈಲು ನಿಂತರೆ ಉಸಿರು ಕಟ್ಟುವುದೇಕೆ? 1920ರಲ್ಲಿ ಐರಿಷ್ ರೈಲು ನೌಕರರು ಬ್ರಿಟಿಷ್ ಸೈನಿಕರನ್ನೂ ಅವರ ಮದ್ದುಗುಂಡನ್ನೂ ಸಾಗಿಸುವುದಿಲ್ಲವೆಂದು ತಿಂಗಳುಗಟ್ಟಲೆ ಹಟ ಹಿಡಿದರು. ಬಹಳ ಜನ ಕೆಲಸ ಕಳೆದುಕೊಂಡರು. ಆ ಸ್ವಾತಂತ್ರ್ಯ ಸಮರದ ದಿನಗಳಲ್ಲಿ ಸೆಂಪಲ್ ತನ್ನ ರೈಲಿನಲ್ಲಿ ಹೋರಾಟಗಾರರ ಗುಟ್ಟಿನ ಪತ್ರಗಳನ್ನು ಸಾಗಿಸುತ್ತಿದ್ದನೆಂದು ಟಿಪರೇರಿಯಲ್ಲಿ ಹೇಳುತ್ತಾರೆ. ಅಲ್ಲೂ ನೋಡಿ, ಬಳಕೆಗೆ ಬಂದದ್ದು ಆತನ ತೋಳಬಲವಲ್ಲ, ಗಾರ್ಡ್‌ನ ಕೆಲಸ.

ಹಳೆಯ ಕಥೆಯಿಂದ ಏನು ನಷ್ಟ, ಅಭಿಮಾನಕ್ಕೆ ಒಂದು ಪುರಾಣ ಇದ್ದರೆ ಇರಲಿ ಎನ್ನಬಹುದು. ನನಗೆ ನಷ್ಟ ಕಾಣುತ್ತದೆ. ಹರ್ಲಿಂಗ್ ಆಟಗಾರರಿಗೆ ಇಂದಿಗೂ ಸಂಬಳವಿಲ್ಲ. ಕೌಂಟಿ ಆಟಗಾರರು ಮೇಷ್ಟರಾಗಿ, ರೈತರಾಗಿ, ಪೊಲೀಸರಾಗಿ ದುಡಿದು ಸಂಜೆ ತಾಲೀಮಿಗೆ ಬರುತ್ತಾರೆ. 1999ರಲ್ಲಿ ಆಟಗಾರರು ತಮ್ಮದೇ ಸಂಘಟನೆ ಕಟ್ಟಿ ಸವಲತ್ತು ಕೇಳಿದಾಗ ಎದುರಾದ ಮಾತುಗಳಲ್ಲೊಂದು, ಇದು ಹಳ್ಳಿಯ ಮಾನಕ್ಕಾಗಿ ಆಡುವ ಆಟ, ಹಣದ ಮಾತು ಸಲ್ಲದು ಎಂಬುದು. ಸಂಬಳವಿಲ್ಲದ ಆಟ ಚೆಂದವೇ. ನಾನೂ ಅದರ ಪರ. ಆದರೆ ಅದರ ಖರ್ಚನ್ನು ಎಂದಿನಿಂದಲೂ ಯಾರೋ ಹೊತ್ತಿದ್ದಾರೆ. ಸೆಂಪಲ್‌ನ ಕಾಲದಲ್ಲಿ ಅದನ್ನು ರೈಲ್ವೆಯ ಸಂಬಳ ಹೊತ್ತಿತ್ತು, ಅಂಗಡಿಯ ಸಂಬಳ ಹೊತ್ತಿತ್ತು. ಪುರಾಣ ಮರೆಸುವುದು ಈ ಲೆಕ್ಕವನ್ನು.

ಅಂಗಳಕ್ಕೆ ಸೆಂಪಲ್ ಹೆಸರಿಟ್ಟದ್ದು 1971ರಲ್ಲಿ. ಕ್ರಿಕೆಟ್, ರಗ್ಬಿ, ಸಾಕರ್, ಹಾಕಿಗಳಂಥ 'ಪರದೇಶಿ' ಆಟ ಆಡಿದವರನ್ನು ಹೊರಗಿಡುತ್ತಿದ್ದ ನಿಯಮವನ್ನು ಸಂಘ ಕೈಬಿಟ್ಟದ್ದೂ ಆ ವರ್ಷವೇ. ವೀರರನ್ನು ಪದಕದಿಂದ ಅಳೆಯುವುದಾಗಿದ್ದರೆ ಟಿಪರೇರಿಯಲ್ಲೇ ಐದು ಪದಕದ ಮೈಕಿ ಮಾಹರ್ ಇದ್ದ. 1949ರಿಂದ 1965ರ ನಡುವೆ ಎಂಟು ಪದಕ ಗೆದ್ದ ಜಾನ್ ಡಾಯ್ಲ್ ಇದ್ದರು. 1971ರಲ್ಲಿ ಅವರು ಬದುಕಿಯೇ ಇದ್ದರು, ಅವರ ಆಟವನ್ನು ಕಣ್ಣಾರೆ ಕಂಡ ಸಾವಿರಾರು ಜನವೂ ಇದ್ದರು. ಸೆಂಪಲ್‌ನ ಆಟ ನೋಡಿದವರು ಅಷ್ಟು ಹೊತ್ತಿಗೆ ವಿರಳವಾಗಿದ್ದಿರಬೇಕು. ಆದರೂ ಥರ್ಲೆಸ್‌ನವರು ಮೂರು ಪದಕದ ರೈಲ್ವೆ ಗಾರ್ಡನ ಹೆಸರನ್ನೇ ಗೋಡೆಯ ಮೇಲೆ ಬರೆಸಿದರು. ಭಾಷಣಗಳಲ್ಲಿ ಕೂಹುಲಿನ್‌ನನ್ನು ಎಷ್ಟೇ ನೆನೆಯಲಿ, ಷೇರು ಕೊಂಡವರ ಮಕ್ಕಳಿಗೆ ಅಂಗಳದ ಖಾತೆಪುಸ್ತಕ ನೆನಪಿತ್ತು.